ಗಣಕಯಂತ್ರ ಮೂಕವಾದಾಗ

ಕಳೆದ ತಿಂಗಳು ಈ ಪುಟದಲ್ಲಿ ಇನ್ವರ್ಟರಿನ ಬ್ಯಾಟರಿಯ ಆರೈಕೆಯನ್ನು ಕುರಿತು ಬರೆದಿದ್ದೆ. ಈ ಸಲ ಮನೆಯ ಗಣಕಯಂತ್ರದ ಒಂದು ತೊಂದರೆಯನ್ನು ಎತ್ತಿಕೊಳ್ಳುತ್ತೇನೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿರುತ್ತದೆ. ಗಾಯಕರ ತುಟಿ ಅಲುಗುತ್ತಿರುತ್ತದೆ, ತಬಲೆಯ ಮೇಲೆ ಬೆರಳುಗಳು ಓಡುತ್ತಿರುತ್ತವೆ, ಆದರೆ ಸ್ವರವೊಂದೂ ಕೇಳಿಸದು. ರಾತ್ರಿಯವರೆಗೆ ಹಾಡುತ್ತಿದ್ದ ಯಂತ್ರ ಬೆಳಗಾಗುವುದರೊಳಗೆ ಮೂಕವಾಗಿರುತ್ತದೆ. ಇದು ಸಣ್ಣ ತೊಂದರೆಯೆಂದು ನಾನೂ ಬಹುಕಾಲ ತಿಳಿದಿದ್ದೆ. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಇಂದು ಕೇಳಿಸದಿದ್ದರೆ ನಾಳೆ ಕೇಳಿದರಾಯಿತು ಎಂಬ ಸಮಾಧಾನ. ಆ ಸಮಾಧಾನ ಎಲ್ಲರಿಗೂ ಇರುವುದಿಲ್ಲ ಎಂಬುದನ್ನು ಕಳೆದ ಮಳೆಗಾಲದಲ್ಲಿ ನಮ್ಮ ನೆರೆಮನೆಯಲ್ಲಿ ಕಂಡೆ.

ನಾವು ಘಟ್ಟದ ಮೇಲಿನವರು. ಉಪಾಧ್ಯಾಯ ವೃತ್ತಿಯ ನಿಮಿತ್ತ ಶಿರೂರಿಗೆ ಬಂದು, ನಿವೃತ್ತಿಯ ನಂತರವೂ ಇಲ್ಲಿಯೇ ನೆಲೆಸಿದೆವು. ಇದು ಬೈಂದೂರು ತಾಲ್ಲೂಕಿನ ಶಿರೂರು, ಉಡುಪಿ ಜಿಲ್ಲೆಯ ಉತ್ತರದ ಅಂಚು. ಇಲ್ಲಿಂದ ಮುಂದೆ ಹೋದರೆ ಭಟ್ಕಳ. 2024ರ ಜುಲೈ ತಿಂಗಳಲ್ಲಿ ಗುಡ್ಡ ಕುಸಿದು ಜೀವಹಾನಿಯಾದ ಶಿರೂರು ಅಂಕೋಲಾ ತಾಲ್ಲೂಕಿಗೆ ಸೇರಿದ್ದು. ಹೆಸರೊಂದೇ ಆದುದರಿಂದ ಆ ದಿನಗಳಲ್ಲಿ ಊರಿನ ಬಂಧುಗಳೆಲ್ಲ ಗಾಬರಿಯಿಂದ ನಮಗೆ ದೂರವಾಣಿ ಮಾಡಿದ್ದರು. ಅದಿರಲಿ. ನಮ್ಮ ನೆರೆಮನೆಯ ಹಿರಿಯಮ್ಮನವರಿಗೆ ಇಬ್ಬರು ಗಂಡುಮಕ್ಕಳು. ಹಿರಿಯನು ಬೆಂಗಳೂರಿನಲ್ಲಿ ಉದ್ಯೋಗಿ. ಕಿರಿಯನಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಪದವಿಯನ್ನು ಮುಗಿಸಿ ಬ್ಯಾಂಕಿನ ಪರೀಕ್ಷೆಗೆ ಸಿದ್ಧನಾಗುತ್ತಿದ್ದಾನೆ.

ಆಷಾಢದ ಒಂದು ಸಂಜೆ, ಮಳೆ ಹಿಡಿದು ಬಿಡದೆ ಹೊಯ್ಯುತ್ತಿದ್ದಾಗ, ಆ ತಾಯಿ ಛತ್ರಿಯೊಂದಿಗೆ ನಮ್ಮ ಜಗಲಿಗೆ ಬಂದರು. “ಹ್ವಾಯ್ ಮಾಷ್ಟ್ರೇ, ಮಗನ ಕಂಪ್ಯೂಟರಿನ ಸ್ವರವೇ ಹೋಯ್ತ್ ಮರ್ರೆ” ಎಂದು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಅರ್ಜಿ ಸಲ್ಲಿಸಲು ಮರುದಿನವೇ ಕಡೆಯ ದಿನ. ಬೆಳಿಗ್ಗೆಯಿಂದ ಯಂತ್ರ ಮಾತನಾಡುತ್ತಿಲ್ಲ. ಪೇಟೆಯ ಅಂಗಡಿಯೊಂದಕ್ಕೆ ಫೋನು ಮಾಡಿ ವಿಚಾರಿಸಿದರೆ, ಮದರ್‌ಬೋರ್ಡ್ ಹೋಗಿರಬಹುದು, ಏಳು ಸಾವಿರ ರೂಪಾಯಿಯಾಗುತ್ತದೆ, ನಾಲ್ಕು ದಿನ ಬೇಕು ಎಂದರಂತೆ. ಯಂತ್ರವನ್ನು ಕಣ್ಣಿನಿಂದ ನೋಡದೆ ಹೇಳಿದ ಮಾತು ಅದು.

ದೃಷ್ಟಿಯಿಲ್ಲದವರು ಗಣಕಯಂತ್ರವನ್ನು ಹೇಗೆ ಬಳಸುತ್ತಾರೆ ಎಂದು ಕೆಲವರು ಕೇಳಬಹುದು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶಗಳಿವೆ. ಅವುಗಳಲ್ಲಿ ಎನ್.ವಿ.ಡಿ.ಎ. ಎಂಬುದು ಉಚಿತವಾಗಿ ದೊರೆಯುತ್ತದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರು 2006ರಲ್ಲಿ ಇದನ್ನು ಬರೆಯಲು ತೊಡಗಿದರು. ಅವರಿಗೂ ದೃಷ್ಟಿಯಿಲ್ಲ. ಇದರೊಂದಿಗೆ ಬರುವ ಇ-ಸ್ಪೀಕ್ ಎಂಬ ಧ್ವನಿಯು ಕನ್ನಡವನ್ನೂ ಓದುತ್ತದೆ. ಉಚ್ಚಾರಣೆ ಯಾಂತ್ರಿಕವಾಗಿ ಕೇಳಿಸುತ್ತದೆ, ಮೊದಲ ಸಲ ಕೇಳಿದವರು ನಗುವುದೂ ಉಂಟು. ನಮ್ಮ ನೆರೆಮನೆಯ ಹುಡುಗನಾದರೋ ನಮಗೆ ಒಂದಕ್ಷರವೂ ತಿಳಿಯದಷ್ಟು ವೇಗದಲ್ಲಿ ಅದನ್ನು ಓದಿಸಿಕೊಳ್ಳುತ್ತಾನೆ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೂ, ದೃಷ್ಟಿಯಿಲ್ಲದೆಯೂ ನೂರಾರು ಮಕ್ಕಳಿಗೆ ದಾರಿ ತೋರಿದ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳನ್ನೂ ಬಲ್ಲ ನಮ್ಮ ಓದುಗರಿಗೆ, ಕಿವಿಯಿಂದಲೇ ಲೋಕವನ್ನು ಕಾಣುವ ಬಗೆಯನ್ನು ವಿವರಿಸಬೇಕಾದುದಿಲ್ಲ. ಧ್ವನಿ ಹೋದರೆ ನಮಗೆ ಹಾಡು ನಿಲ್ಲುತ್ತದೆ. ಆ ಹುಡುಗನಿಗೆ ಪರದೆಯೇ ಇಲ್ಲವಾಗುತ್ತದೆ. ಏನು ಕೆಟ್ಟಿದೆಯೆಂದು ಹುಡುಕಲು ಬೇಕಾದ ಸಾಧನವೇ ಕೆಟ್ಟಿರುತ್ತದೆ.

ಇಂತಹ ಸಂದರ್ಭದಲ್ಲಿ ಗಾಬರಿಯಿಂದ ಒಮ್ಮೆಲೇ ಹತ್ತು ಕಡೆ ಕೈಹಾಕುವುದರಿಂದ ಪ್ರಯೋಜನವಿಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೆ ನಾವು ಏನು ಮಾಡುತ್ತೇವೆ? ಬಾವಿಯನ್ನು ಹೊಸದಾಗಿ ತೋಡಿಸುವುದಿಲ್ಲ. ನಲ್ಲಿಯನ್ನು ತಿರುಗಿಸಿ ನೋಡುತ್ತೇವೆ, ಬಳಿಕ ತೊಟ್ಟಿ, ಬಳಿಕ ಪಂಪು. ಧ್ವನಿಗೂ ಹೀಗೆಯೇ ಒಂದು ದಾರಿಯಿದೆ. ಹಾಡಿನ ಕಡತವೆಂದರೆ ಬರಿಯ ಅಂಕೆಗಳ ಸಾಲು, ಸಿ.ಡಿ.ಯ ಗುಣಮಟ್ಟದ ಧ್ವನಿಯಲ್ಲಿ ಒಂದೊಂದು ಸೆಕೆಂಡಿಗೆ 44,100 ಅಳತೆಗಳಿರುತ್ತವೆ. ಆ ಅಂಕೆಗಳನ್ನು ವಿಂಡೋಸ್ ಒಟ್ಟುಗೂಡಿಸಿ, ಡ್ರೈವರ್ ಎಂಬ ತಂತ್ರಾಂಶದ ಮೂಲಕ ಧ್ವನಿಯ ಚಿಪ್ಪಿಗೆ ಕೊಡುತ್ತದೆ. ಚಿಪ್ಪು ಅಂಕೆಗಳನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸಿ ತಂತಿಗೆ ಹರಿಸುತ್ತದೆ. ಸ್ಪೀಕರು ಆ ಏರಿಳಿತವನ್ನು ಗಾಳಿಯ ಕಂಪನವಾಗಿಸುತ್ತದೆ. ನಾವು ಈ ದಾರಿಯನ್ನು ಸ್ಪೀಕರಿನ ತುದಿಯಿಂದ ಹಿಂದಕ್ಕೆ ನಡೆಯಬೇಕು. ಖರ್ಚಿಲ್ಲದ ಪರೀಕ್ಷೆಗಳೆಲ್ಲ ಈ ತುದಿಯಲ್ಲಿಯೇ ಇವೆ.

ಮೊದಲನೆಯ ಪರೀಕ್ಷೆಗೆ ಎರಡು ನಿಮಿಷ ಸಾಕು. ಸ್ಪೀಕರಿನ ಪಿನ್ನನ್ನು ಗಣಕಯಂತ್ರದಿಂದ ಕಿತ್ತು ಮೊಬೈಲ್ ಫೋನಿಗೆ ಸಿಕ್ಕಿಸಿರಿ. ಫೋನಿಗೆ ಆ ತೂತು ಇಲ್ಲದಿದ್ದರೆ ಹಳೆಯ ರೇಡಿಯೋ ಆದೀತು. ಹಾಡು ಕೇಳಿಸಿದರೆ ಸ್ಪೀಕರು ನಿರಪರಾಧಿ. ಕೇಳಿಸದಿದ್ದರೆ ಗಣಕಯಂತ್ರವನ್ನು ಮುಟ್ಟುವ ಅಗತ್ಯವೇ ಇಲ್ಲ. ಸ್ಪೀಕರಿನ ಸ್ವಿಚ್ಚು, ಧ್ವನಿಯ ತಿರುಪು, ವಿದ್ಯುತ್ ತಂತಿ ಇವುಗಳನ್ನು ನೋಡಿದರೆ ಸಾಕು. ಕಸ ಗುಡಿಸುವಾಗ ಪೊರಕೆ ತಗುಲಿ ಸ್ವಿಚ್ಚು ಆರಿದ್ದನ್ನು ತಿಳಿಯದೆ ಮೆಕ್ಯಾನಿಕ್ಕನನ್ನು ಕರೆಸಿ ಇನ್ನೂರು ರೂಪಾಯಿ ತೆತ್ತವರನ್ನು ನಾನು ಬಲ್ಲೆ. ಅವರಲ್ಲಿ ನಾನೂ ಒಬ್ಬ.

ಪಿನ್ನನ್ನು ಮರಳಿ ಸಿಕ್ಕಿಸುವಾಗ ತೂತಿನ ಬಣ್ಣವನ್ನು ಗಮನಿಸಿರಿ. 1990ರ ದಶಕದ ಕೊನೆಯಲ್ಲಿ ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸಂಸ್ಥೆಗಳು ಸೇರಿ ಹೊರಡಿಸಿದ ಪಿ.ಸಿ. 99 ಎಂಬ ಮಾರ್ಗಸೂಚಿಯಿಂದ ಈ ಬಣ್ಣಗಳು ರೂಢಿಗೆ ಬಂದವು. ತಿಳಿಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಹೊರಗಿನ ಟೇಪ್‌ರೆಕಾರ್ಡರಿನಂತಹ ಸಾಧನದಿಂದ ಧ್ವನಿಯನ್ನು ಒಳಕ್ಕೆ ತರುವುದಕ್ಕೆ. ಮೂರು ತೂತುಗಳಿರುವ ಯಂತ್ರಗಳಲ್ಲಿ ಹಸಿರು ಸಾಮಾನ್ಯವಾಗಿ ನಡುವಿನದು. ಪೆಟ್ಟಿಗೆಯ ಮುಂಭಾಗದ ತೂತಿನಲ್ಲಿ ಕಿವಿಗೆ ಹಾಕಿಕೊಳ್ಳುವ ಫೋನು ಸಿಕ್ಕಿಕೊಂಡಿದ್ದರೆ ಹಿಂದಿನ ಸ್ಪೀಕರು ತಾನಾಗಿಯೇ ಸುಮ್ಮನಾಗುವುದುಂಟು.

ಎರಡನೆಯದು ಪರದೆಯ ಬಲಗಡೆಯ ಕೆಳಮೂಲೆಯಲ್ಲಿರುವ ಸಣ್ಣ ಸ್ಪೀಕರಿನ ಚಿತ್ರ. ಅದರ ಮೇಲೆ ಅಡ್ಡಗೆರೆಯೋ ಗುಣಾಕಾರದ ಚಿಹ್ನೆಯೋ ಇದ್ದರೆ ಧ್ವನಿಯನ್ನು ಯಾರೋ ಮುಚ್ಚಿದ್ದಾರೆ, ಇಲ್ಲವೇ ಧ್ವನಿಯ ಸಾಧನವೇ ಯಂತ್ರಕ್ಕೆ ಕಾಣುತ್ತಿಲ್ಲ ಎಂದರ್ಥ. ಮುಚ್ಚುವವರು ಬಹುಮಟ್ಟಿಗೆ ಮಕ್ಕಳು. ಕೀಲಿಮಣೆಯ ಒಂದು ಗುಂಡಿಯಿಂದ ಆ ಕೆಲಸವಾಗುತ್ತದೆ. ಚಿತ್ರವು ಸರಿಯಾಗಿದ್ದು, ಒಂದು ಹಾಡಿಗೆ ಮಾತ್ರ ಧ್ವನಿಯಿಲ್ಲವಾದರೆ, ಆ ವಿಡಿಯೋದ ಕೆಳಗಿನ ಗುಂಡಿಯನ್ನು ನೋಡಬೇಕು. ಒಂದೊಂದು ತಂತ್ರಾಂಶಕ್ಕೂ ಬೇರೆಬೇರೆ ಧ್ವನಿಮಟ್ಟವಿರುವುದರಿಂದ, ಒಂದು ಮಾತ್ರ ಸೊನ್ನೆಯಲ್ಲಿದ್ದು ಉಳಿದವು ಸರಿಯಾಗಿರುವುದು ಸಾಧ್ಯ.

ಈಗ ನೆರೆಮನೆಗೆ ಮರಳೋಣ. ನಾನು ಹೋದಾಗ ಹುಡುಗನು ಕುರ್ಚಿಯಲ್ಲಿ ಕೈಕಟ್ಟಿ ಕುಳಿತಿದ್ದನು. ಮೊದಲು ಓದಿ ಹೇಳುವ ತಂತ್ರಾಂಶ ಕೆಟ್ಟಿದೆಯೋ, ಧ್ವನಿಯೇ ಕೆಟ್ಟಿದೆಯೋ ಎಂದು ತಿಳಿಯಬೇಕಾಗಿತ್ತು. ಇದಕ್ಕೆ ಒಂದು ಉಪಾಯವಿದೆ. ವಿಂಡೋಸ್ 10 ಮತ್ತು 11ರಲ್ಲಿ ನರೇಟರ್ ಎಂಬ ಇನ್ನೊಂದು ಓದುಗನು ಒಳಗಡೆಯೇ ಇದ್ದಾನೆ. ವಿಂಡೋಸ್ ಗುಂಡಿ, ಕಂಟ್ರೋಲ್, ಎಂಟರ್ ಈ ಮೂರನ್ನು ಒಟ್ಟಿಗೆ ಒತ್ತಿದರೆ ಅವನು ಮಾತನಾಡುತ್ತಾನೆ. ಅವನು ಮಾತನಾಡಿದರೆ ಧ್ವನಿಯ ದಾರಿ ಸರಿಯಾಗಿದೆ, ತೊಂದರೆಯಿರುವುದು ಎನ್.ವಿ.ಡಿ.ಎ.ಯಲ್ಲಿ, ಅದರಲ್ಲಿ ಮಾತನ್ನು ನಿಲ್ಲಿಸುವ ಕೀಲಿಯನ್ನು ಕೈತಪ್ಪಿ ಒತ್ತಿರುವುದೂ ಉಂಟು. ನಾವು ಒತ್ತಿದೆವು. ಅವನೂ ಮೌನ. ಸ್ಪೀಕರಿನ ಪಿನ್ನನ್ನು ನನ್ನ ಫೋನಿಗೆ ಸಿಕ್ಕಿಸಿದೆ; ಸ್ಪೀಕರು ಹಾಡಿತು. ಪರದೆಯ ಮೂಲೆಯ ಚಿತ್ರವನ್ನು ನೋಡಿದೆ. ಧ್ವನಿಮಟ್ಟ ನೂರರಲ್ಲಿದೆ, ಯಾವ ಅಡ್ಡಗೆರೆಯೂ ಇಲ್ಲ.

ಆಗ ಹುಡುಗನನ್ನು ಕೇಳಿದೆ: “ನಿನ್ನೆಯಿಂದ ಇಂದಿಗೆ ಇಲ್ಲಿ ಏನಾದರೂ ಬದಲಾಗಿದೆಯೇನಪ್ಪಾ?” ಅವನು ಸ್ವಲ್ಪ ಯೋಚಿಸಿ, “ಅಣ್ಣ ಬಂದಿದ್ದ. ಹೊಸ ಮಾನಿಟರ್ ಇಟ್ಟು ರಾತ್ರಿ ಬಸ್ಸಿಗೆ ಹೋದ” ಎಂದನು. ಅಣ್ಣನದು ಒಳ್ಳೆಯ ಮನಸ್ಸೇ. ಹಳೆಯ ಮಾನಿಟರು ಮಂಜಾಗಿದೆ, ಅಮ್ಮನಿಗೆ ಧಾರಾವಾಹಿ ನೋಡಲು ಅನುಕೂಲವಾಗಲಿ ಎಂದು ತಂದಿದ್ದಾನೆ. ಪರದೆಯ ಅಗತ್ಯವೇ ಇಲ್ಲದ ತಮ್ಮನ ಬಾಯಿ ಅದರಿಂದ ಕಟ್ಟಿಹೋಯಿತು.

ಹೇಗೆಂದರೆ, ಹಳೆಯ ಮಾನಿಟರಿನ ತಂತಿಯಲ್ಲಿ ಚಿತ್ರ ಮಾತ್ರ ಹರಿಯುತ್ತಿತ್ತು. ಹೊಸದನ್ನು ಜೋಡಿಸಿದ್ದ ಎಚ್.ಡಿ.ಎಂ.ಐ. ತಂತಿಯು ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಸಾಗಿಸುತ್ತದೆ. ಇದನ್ನು ಸಿಕ್ಕಿಸಿದೊಡನೆ ವಿಂಡೋಸ್, ಧ್ವನಿಗೆ ಹೊಸ ಸಾಧನವೊಂದು ಬಂದಿದೆಯೆಂದು ತಿಳಿದು, ಎಷ್ಟೋ ಸಲ ಧ್ವನಿಯನ್ನೆಲ್ಲ ಮಾನಿಟರಿನ ಕಡೆಗೆ ತಿರುಗಿಸಿಬಿಡುತ್ತದೆ. ಆ ಮಾನಿಟರಿನೊಳಗೆ ಸ್ಪೀಕರೇ ಇಲ್ಲದಿದ್ದರೂ ಹೀಗಾಗಬಹುದು. ನೀರು ಹರಿಯುತ್ತಿದೆ, ಆದರೆ ಕೊಡವಿಲ್ಲದ ಕಡೆಗೆ. ಧ್ವನಿಮಟ್ಟವನ್ನು ಎಷ್ಟು ಏರಿಸಿದರೂ ಪ್ರಯೋಜನವಿಲ್ಲ. ಸ್ಪೀಕರಿನ ಚಿತ್ರವನ್ನು ಒತ್ತಿ, ಅದರ ಪಕ್ಕದ ಬಾಣದ ಗುರುತಿನಿಂದ ಸಾಧನಗಳ ಪಟ್ಟಿಯನ್ನು ತೆರೆದು, ಮಾನಿಟರಿನ ಹೆಸರಿದ್ದಲ್ಲಿಂದ ಸ್ಪೀಕರ್ಸ್ ಎಂದಿರುವಲ್ಲಿಗೆ ಬದಲಿಸಿದೆ. ಅರ್ಧ ಸೆಕೆಂಡಿನಲ್ಲಿ ಎನ್.ವಿ.ಡಿ.ಎ. ಮತ್ತು ನರೇಟರ್ ಇಬ್ಬರೂ ಒಟ್ಟಿಗೆ ಮಾತನಾಡತೊಡಗಿದರು. ಹುಡುಗನು ಏನನ್ನೂ ಹೇಳಲಿಲ್ಲ. ನರೇಟರನನ್ನು ಮುಚ್ಚಿ ಅರ್ಜಿಯ ಪುಟವನ್ನು ತೆರೆದನು. ಅವನ ತಾಯಿ ಅಂಗಡಿಯವರು ಹೇಳಿದ ಏಳು ಸಾವಿರದ ಲೆಕ್ಕವನ್ನು ಮತ್ತೊಮ್ಮೆ ಹೇಳಿದರು. ಅರ್ಜಿಯು ಆ ರಾತ್ರಿಯೇ ಸಲ್ಲಿಕೆಯಾಯಿತು.

ಬ್ಲೂಟೂತ್ ಸ್ಪೀಕರುಗಳಿಂದಲೂ ಇದೇ ಬಗೆಯ ಫಜೀತಿಯಾಗುತ್ತದೆ. ಒಳಕೋಣೆಯಲ್ಲಿ ಮಗಳ ಮಂಚದ ಮೇಲೆ ಬಿದ್ದಿರುವ ಪುಟ್ಟ ಸ್ಪೀಕರಿನೊಂದಿಗೆ ಯಂತ್ರವು ತಾನಾಗಿಯೇ ಜೋಡಿಕೊಂಡು ಅಲ್ಲಿ ಹಾಡುತ್ತಿರುತ್ತದೆ, ಇಲ್ಲಿ ಯಜಮಾನರು ತಂತಿಗಳನ್ನು ಎಳೆದಾಡುತ್ತಿರುತ್ತಾರೆ. ನನ್ನ ಅನುಭವದಲ್ಲಿ ಧ್ವನಿ ಹೋಯಿತು ಎಂಬ ದೂರುಗಳಲ್ಲಿ ಹೆಚ್ಚಿನವು ಹೀಗೆ ಬೇರೆ ದಿಕ್ಕಿಗೆ ಹೋದವೇ ಹೊರತು ಸತ್ತುಹೋದವಲ್ಲ.

ಸಾಧನವೂ ಸರಿಯಾಗಿದ್ದು ಧ್ವನಿ ಬಾರದಿದ್ದರೆ ಮಾತ್ರ ತಂತ್ರಾಂಶದ ಕಡೆಗೆ ಹೋಗಬೇಕು. ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಿರಿ. ಆರಿಸಿ ಹಚ್ಚುವುದೂ ರೀಸ್ಟಾರ್ಟ್ ಮಾಡುವುದೂ ಒಂದೇ ಅಲ್ಲ ಎಂಬುದನ್ನು ಬಹಳ ಮಂದಿ ಅರಿಯರು. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ, ಯಂತ್ರ ಬೇಗನೆ ಎದ್ದೇಳಲೆಂದು ಆರಿಸುವಾಗ ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು, ಹಚ್ಚಿದಾಗ ಅದನ್ನೇ ಮರಳಿ ತರುವ ಏರ್ಪಾಡಿದೆ. ಕೆಟ್ಟ ಸ್ಥಿತಿಯೂ ಹಾಗೆಯೇ ಮರಳಿ ಬರಬಹುದು. ರೀಸ್ಟಾರ್ಟ್ ಎಂದು ಒತ್ತಿದರೆ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ.

ಅದಕ್ಕೂ ಬಗ್ಗದಿದ್ದರೆ ಡ್ರೈವರನ್ನು ಸಂಶಯಿಸಬೇಕು. ಧ್ವನಿ ಹೋಗುವ ಮುನ್ನಾದಿನ ವಿಂಡೋಸ್ ತನ್ನನ್ನು ತಾನು ಪರಿಷ್ಕರಿಸಿಕೊಂಡಿತೇ ಎಂದು ವಿಚಾರಿಸಿರಿ. ತಯಾರಕರಿಂದಲೂ ತಪ್ಪುಗಳಾಗುತ್ತವೆ. 2018ರ ಅಕ್ಟೋಬರಿನಲ್ಲಿ ಇಂಟೆಲ್‌ನ ಧ್ವನಿಯ ಡ್ರೈವರೊಂದು ವಿಂಡೋಸಿನ ಪರಿಷ್ಕರಣೆಯ ಮೂಲಕ ತಪ್ಪಾಗಿ ಹಂಚಿಕೆಯಾಗಿ ಅನೇಕ ಯಂತ್ರಗಳು ಮೂಕವಾದವು; ಮೈಕ್ರೋಸಾಫ್ಟ್ ಅದನ್ನು ಒಪ್ಪಿಕೊಂಡು ಪರಿಹಾರ ನೀಡಿತು. 2025ರ ಜನವರಿಯ ಪರಿಷ್ಕರಣೆಯ ನಂತರ ಯು.ಎಸ್.ಬಿ. ಮೂಲಕ ಜೋಡಿಸುವ ಕೆಲವು ಧ್ವನಿಸಾಧನಗಳು ನಿಂತವು. ವಿಂಡೋಸ್ 10ಕ್ಕೆ ಉಚಿತ ಪರಿಷ್ಕರಣೆಯ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದ ಹಳೆಯ ಯಂತ್ರಗಳನ್ನು ವಿಂಡೋಸ್ 11ಕ್ಕೆ ಏರಿಸುವವರಿದ್ದಾರೆ. ತಯಾರಕರು ಹೊಸ ಡ್ರೈವರನ್ನು ಹೊರತಂದಿರದಿದ್ದರೆ ಆಗಲೂ ಧ್ವನಿ ಕೈಕೊಡಬಹುದು. ಡಿವೈಸ್ ಮ್ಯಾನೇಜರ್ ಎಂಬ ಪುಟದಲ್ಲಿ ಧ್ವನಿಯ ಸಾಧನವನ್ನು ತೆಗೆದುಹಾಕಿ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ತನ್ನಲ್ಲಿರುವ ಸಾಮಾನ್ಯ ಡ್ರೈವರನ್ನು ಮರಳಿ ಹಾಕಿಕೊಳ್ಳುತ್ತದೆ. ತೀರ ವಿಶೇಷ ಸೌಲಭ್ಯಗಳು ಇಲ್ಲದಿದ್ದರೂ ಧ್ವನಿಯಂತೂ ಬರುತ್ತದೆ. ಮುಂದೆ ಹೊಸ ಡ್ರೈವರ್ ಬೇಕಾದರೆ ಯಂತ್ರವನ್ನು ತಯಾರಿಸಿದ ಸಂಸ್ಥೆಯ ತಾಣದಿಂದಲೇ ತರಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಧ್ವನಿ ಹೋಗಿದೆಯೆಂದು ಅಂತರಜಾಲದಲ್ಲಿ ಹುಡುಕಿದೊಡನೆ, ಎಲ್ಲ ಡ್ರೈವರುಗಳನ್ನೂ ನಾವೇ ಸರಿಪಡಿಸುತ್ತೇವೆ ಎನ್ನುವ ತಂತ್ರಾಂಶಗಳೂ, ಸಹಾಯವಾಣಿಯೆಂದು ತೋರುವ ಸಂಖ್ಯೆಗಳೂ ಮುಂದೆ ಬಂದು ನಿಲ್ಲುತ್ತವೆ. ಅವುಗಳಲ್ಲಿ ವಂಚಕರದೂ ಇರುತ್ತವೆ. ಅತ್ತ ಕಡೆಯವನು ದೂರದಿಂದಲೇ ನಿಮ್ಮ ಯಂತ್ರವನ್ನು ನಡೆಸುವ ತಂತ್ರಾಂಶವೊಂದನ್ನು ಹಾಕಿಸುತ್ತಾನೆ. ಆಮೇಲೆ ಯಂತ್ರವೂ, ಅದರಲ್ಲಿರುವ ಬ್ಯಾಂಕಿನ ವಿವರಗಳೂ ಅವನ ಕೈಯಲ್ಲಿ. ಹಾಗೇನಾದರೂ ಹಣ ಹೋದರೆ ಮಾನಕ್ಕೆ ಅಂಜಿ ಮುಚ್ಚಿಡದೆ ಕೂಡಲೇ 1930 ಎಂಬ ಸರಕಾರಿ ಸಂಖ್ಯೆಗೆ ಕರೆಮಾಡಬೇಕು. ತಡವಾದಷ್ಟೂ ಹಣ ಮರಳುವ ಆಸೆ ಕಡಿಮೆ.

ಕಡೆಗೆ ಉಳಿಯುವುದು ನಿಜವಾಗಿಯೂ ಕೆಟ್ಟ ಯಂತ್ರ. ಕರಾವಳಿಯ ನಮ್ಮಂತಹವರಿಗೆ ಇದು ಘಟ್ಟದ ಮೇಲಿನವರಿಗಿಂತ ಹೆಚ್ಚು. ಸಮುದ್ರದ ಗಾಳಿಯಲ್ಲಿ ಉಪ್ಪಿದೆ, ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ. ಪಿನ್ನು ಕೂರುವ ತೂತಿನ ಒಳಗಿನ ಲೋಹದ ಎಲೆಗಳು ಕಿಲುಬು ಹಿಡಿದು ಧ್ವನಿ ಒಂದೇ ಕಿವಿಗೆ ಬರುವುದು, ಕರಕರ ಎನ್ನುವುದು, ಕೊನೆಗೆ ನಿಲ್ಲುವುದು ಸಾಮಾನ್ಯ. ಮಡಿಲ ಗಣಕದಲ್ಲಿ, ಅಂದರೆ ಲ್ಯಾಪ್‌ಟಾಪಿನಲ್ಲಿ, ಪಿನ್ನನ್ನು ಕಿತ್ತ ಮೇಲೂ ಅದು ಒಳಗಿದೆಯೆಂದೇ ಯಂತ್ರವು ತಿಳಿದುಕೊಂಡು ತನ್ನ ಸ್ಪೀಕರನ್ನು ತೆರೆಯದೆ ಇರುವುದಕ್ಕೂ ಇದೇ ಕಾರಣವಿರಬಹುದು. ಯಂತ್ರವನ್ನು ಆರಿಸಿ, ಶುಭ್ರವಾದ ಪಿನ್ನನ್ನು ಹತ್ತು ಹದಿನೈದು ಸಲ ತಿರುಗಿಸುತ್ತ ಹಾಕಿ ತೆಗೆದರೆ ಕಿಲುಬು ಉಜ್ಜಿಹೋಗಿ ಸರಿಯಾಗುವುದುಂಟು. ತೆಂಗಿನೆಣ್ಣೆ ಬಿಡುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ, ಧೂಳು ಅಂಟಿ ಇನ್ನಷ್ಟು ಕೆಡುತ್ತದೆ. ಮಳೆಗಾಲದಲ್ಲಿ ಯಂತ್ರವನ್ನು ಪ್ರತಿದಿನ ಅರ್ಧ ಗಂಟೆಯಾದರೂ ಚಾಲೂ ಇಟ್ಟರೆ ಅದರ ಕಾವಿಗೇ ಒಳಗಿನ ತೇವ ಆರುತ್ತದೆ. ಮುಂಗಾರಿಗೆ ಮೊದಲೂ, ಮಳೆ ಹಿಂದಿರುಗುವಾಗಲೂ ಬರುವ ಗುಡುಗು ಸಿಡಿಲಿನ ದಿನಗಳಲ್ಲಿ ವಿದ್ಯುತ್ತಿನ ಪ್ಲಗ್ಗನ್ನಷ್ಟೇ ಅಲ್ಲ, ಅಂತರಜಾಲದ ತಂತಿಯನ್ನೂ ಕಿತ್ತಿಡಬೇಕು. ಸಿಡಿಲಿನ ಆಘಾತ ಆ ದಾರಿಯಿಂದಲೂ ಬರುತ್ತದೆ.

ಧ್ವನಿಯ ಚಿಪ್ಪೇ ಸುಟ್ಟಿದ್ದರೂ ಮದರ್‌ಬೋರ್ಡನ್ನು ಬದಲಿಸಬೇಕಾದುದಿಲ್ಲ. ಹೆಬ್ಬೆರಳಿನ ಗಾತ್ರದ ಯು.ಎಸ್.ಬಿ. ಧ್ವನಿಸಾಧನವು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಅದರಲ್ಲಿ ತನ್ನದೇ ಆದ ಚಿಪ್ಪು ಇರುವುದರಿಂದ ಕೆಟ್ಟ ಭಾಗವನ್ನು ಬದಿಗಿಟ್ಟು ಹೊಸ ದಾರಿಯಾಗುತ್ತದೆ. 1990ರ ದಶಕದಲ್ಲಿ ಗಣಕಯಂತ್ರಕ್ಕೆ ಧ್ವನಿ ಬರಬೇಕಾದರೆ ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯ ಸೌಂಡ್ ಬ್ಲಾಸ್ಟರಿನಂತಹ ದೊಡ್ಡ ಹಲಗೆಯನ್ನೇ ಪೆಟ್ಟಿಗೆಯೊಳಗೆ ಕೂರಿಸಬೇಕಾಗಿತ್ತು. ಅದು ಇತರ ಹಲಗೆಗಳೊಂದಿಗೆ ಜಗಳವಾಡದಂತೆ ಸಂಖ್ಯೆಗಳನ್ನು ಹೊಂದಿಸುವುದರಲ್ಲೇ ಒಂದು ಭಾನುವಾರ ಕಳೆಯುತ್ತಿತ್ತು. ಅದನ್ನು ಬಲ್ಲ ನನಗೆ ಈ ಹೆಬ್ಬೆರಳಿನ ವಸ್ತು ಈಗಲೂ ವಿಸ್ಮಯವೇ.

ನೆರೆಮನೆಯ ಹುಡುಗನು ಈಗ ಅಂತಹದೊಂದನ್ನು ಮೇಜಿನ ಸೆಳೆಖಾನೆಯಲ್ಲಿ ಇಟ್ಟುಕೊಂಡಿದ್ದಾನೆ. ಸಿಕ್ಕಿಸಿದರೆ ಧ್ವನಿ ಸಾಮಾನ್ಯವಾಗಿ ತಾನಾಗಿಯೇ ಅದಕ್ಕೆ ತಿರುಗುವುದರಿಂದ, ಮನೆಯಲ್ಲಿ ಕಣ್ಣುಳ್ಳವರು ಯಾರೂ ಇಲ್ಲದಾಗಲೂ ಅವನಿಗೆ ದಾರಿಯುಂಟು. ಅದೂ ಆಗದಿದ್ದರೆ ಬಿ ಮೈ ಐಸ್ ಎಂಬ ಉಚಿತ ಸೌಲಭ್ಯ ಅವನ ಫೋನಿನಲ್ಲಿದೆ. 2015ರಲ್ಲಿ ಡೆನ್ಮಾರ್ಕಿನಲ್ಲಿ ಆರಂಭವಾದ ಇದರಲ್ಲಿ ಫೋನಿನ ಕ್ಯಾಮರಾವನ್ನು ಪರದೆಯ ಕಡೆಗೆ ಹಿಡಿದರೆ, ಎಲ್ಲೋ ಇರುವ ಸ್ವಯಂಸೇವಕರೊಬ್ಬರು ನೋಡಿ ಅಲ್ಲಿ ಏನಿದೆಯೆಂದು ಹೇಳುತ್ತಾರೆ. ಹಸಿರು, ಗುಲಾಬಿ ಎಂಬ ಬಣ್ಣದ ಏರ್ಪಾಡು ತನಗೆ ಉಪಯೋಗವಿಲ್ಲವೆಂದು ಅವನೇ ಒಂದು ಕ್ರಮವನ್ನು ಮಾಡಿಕೊಂಡಿದ್ದಾನೆ. ಸ್ಪೀಕರಿನ ತಂತಿಗೆ ನೂಲಿನ ಒಂದು ಗಂಟು, ಮೈಕಿನ ತಂತಿಗೆ ಎರಡು ಗಂಟು. ಮಾನಿಟರಿನ ತಂತಿಗೆ ಮೂರು ಗಂಟು ಹಾಕಿ, ಅಣ್ಣನು ಮುಂದಿನ ಸಲ ಬಂದಾಗ ಅದನ್ನು ಮುಟ್ಟಕೂಡದೆಂದು ತಾಯಿಗೆ ಹೇಳಿಟ್ಟಿದ್ದಾನೆ.